ಕಾಗೆಗೆ ಕೊಟ್ಟ ಮಾತು

ಅಪ್ಪ ತೀರಿಕೊಂಡ ಮೂರನೇ ದಿನ ಹಾಲು ತುಪ್ಪ ಬಿಡೋಕೆ ಗದ್ದೆಗೆ ಹೋದೆವು. 2014ರ ಏಪ್ರಿಲ್ ತಿಂಗಳು. ನಾಲೆಯಲ್ಲಿ ನೀರು ನಿಲ್ಲಿಸಿದ್ದರು. ಕಬ್ಬು ಕಡಿದು ಖಾಲಿಯಾಗಿದ್ದ ಜಾಗದ ಒಂದು ಮೂಲೆಯಲ್ಲಿ ಅಪ್ಪನ ಗುಡ್ಡೆ. ಅದರ ಮುಂದೆ ಬಾಳೆ ಎಲೆ ಹಾಸಿ ಅವನಿಗೆ ಇಷ್ಟವಾದದ್ದೆಲ್ಲ ಬಡಿಸಿದರು. ಮುದ್ದೆ, ಉಪ್ಪೆಸ್ರು, ಉದ್ದಿನ ವಡೆ, ಬಾಳೆಹಣ್ಣು, ಒಂದು ಲೋಟ ಕಾಫಿ, ಒಂದು ಕಟ್ಟು ಬೀಡಿ. ಬೆಂಕಿಪೊಟ್ಟಣ ತರೋದು ಮರೆತಿದ್ದರು. ನನ್ನ ತಮ್ಮ ತನ್ನ ಜೇಬಿನಿಂದ ತೆಗೆದು ಇಟ್ಟ. ಅವನು ಸೇದುತ್ತಾನೆ ಅಂತ ಮನೆಯವರಿಗೆ ಗೊತ್ತಾಗಿದ್ದು ಆಗಲೇ.

ಆಮೇಲೆ ಎಲ್ಲರೂ ಸ್ವಲ್ಪ ಹಿಂದೆ ಸರಿದು ಕಾಗೆಗೆ ಕಾದೆವು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಕಾಗೆ ಬಂದು ಎಡೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ ಅರ್ಥ. ಆಗ ಬದುಕಿರುವವರು ಮುಂದೆ ಬಂದು ಅದೇನು ಅಂತ ಊಹಿಸಿ ಮಾತು ಕೊಡಬೇಕು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಕಾವೇರಿ ಪಶ್ಚಿಮಕ್ಕೆ ತಿರುಗುವ ಆ ದಡದಲ್ಲಿ, ಗೆಳೆಯನೊಬ್ಬನ ಅಮ್ಮನ ಕೆಲಸಕ್ಕೆ ಹೋಗಿದ್ದೆ. ಅಲ್ಲಿ ದರ್ಭೆ, ಎಳ್ಳು, ಮಂತ್ರ ಎಲ್ಲ ಇತ್ತು. ನಮ್ಮಲ್ಲಿ ಬೀಡಿ, ವಡೆ. ಕಾಯೋದು ಮಾತ್ರ ಎರಡೂ ಕಡೆ ಒಂದೇ ಥರ. ಕತ್ತು ಮೇಲೆತ್ತಿ, ಕಣ್ಣು ಕಿರಿದು ಮಾಡಿ.

ತೆಂಗಿನ ಮರದ ಮೇಲೆ ಎರಡು ಕಾಗೆ ಕೂತಿದ್ದವು. ಇಳಿಯಲಿಲ್ಲ. ಹತ್ತು ನಿಮಿಷ ಆಯ್ತು. ತಮ್ಮ ಎಲೆ ಹತ್ತಿರ ಹೋಗಿ "ಸೊಸೈಟಿ ಸಾಲ ತೀರಿಸ್ತೀವಿ ಕಣಪ್ಪ" ಅಂದ. ಕಾಗೆ ಅಲ್ಲಾಡಲಿಲ್ಲ. ಅರ್ಧಕ್ಕೆ ನಿಂತ ಮನೆ ಮುಗಿಸ್ತೀವಿ ಅಂತ ಇನ್ನೊಬ್ಬರು. ಮೊಮ್ಮಗಳ ಮದುವೆ ಚೆನ್ನಾಗಿ ಮಾಡ್ತೀವಿ ಅಂತ ಮತ್ತೊಬ್ಬರು. ಆ ಮೊಮ್ಮಗಳಿಗೆ ಆಗ ಆರು ವರ್ಷ. ಅವಳು ಎಲೆಯ ಸುತ್ತ ಓಡಾಡುತ್ತಿದ್ದಳು.

ಇಪ್ಪತ್ತು ನಿಮಿಷ ಕಳೆದ ಮೇಲೆ ದೊಡ್ಡಪ್ಪ ಟವೆಲ್‌ನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಹೇಳಿದರು. "ತಂಗಿ ವಿಷ್ಯ ಇರ್ಬೇಕು ಕಣ್ರಲಾ."

ಎಲ್ಲರೂ ನೆಲ ನೋಡಿದೆವು.

ತಂಗಿ ಅಂದರೆ ಅಪ್ಪನ ತಂಗಿ, ನನ್ನ ಅತ್ತೆ. ಇಪ್ಪತ್ತೆರಡು ವರ್ಷಕ್ಕೆ ಗಂಡನ ಮನೆಯಿಂದ ವಾಪಸ್ ಬಂದವಳು. ಬಂದವಳು ಅನ್ನೋದು ತಪ್ಪು, ಕಳಿಸಲ್ಪಟ್ಟವಳು. ಮದುವೆಯಾದ ವರ್ಷದೊಳಗೆ ಅವಳ ಮಾವ ಸತ್ತರು. ಯಾರೋ ಶಾಸ್ತ್ರ ಹೇಳುವವನು ಪಂಚಾಂಗ ತಿರುವಿ, ಹುಡುಗಿ ಮೂಲಾ ನಕ್ಷತ್ರದವಳು, ಮಾವನಿಗೆ ಆಗಿಬರಲ್ಲ ಅಂದ. ಹುಟ್ಟಿದ ತಾರೀಕೇ ಸರಿಯಾಗಿ ಗೊತ್ತಿಲ್ಲದ ಹುಡುಗಿಗೆ ನಕ್ಷತ್ರ ಹೇಗೆ ಗೊತ್ತಾಯಿತು ಅಂತ ಯಾರೂ ಕೇಳಲಿಲ್ಲ. ಹಬ್ಬಕ್ಕೆ ತವರಿಗೆ ಕಳಿಸಿದವರು ಕರೆಯೋಕೆ ಬರಲೇ ಇಲ್ಲ. ನಲವತ್ತು ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ನನ್ನನ್ನು ಸಾಕಿದವಳು ಅವಳೇ. ಊರಲ್ಲಿ ಯಾರದ್ದಾದರೂ ಮದುವೆಯಾದರೆ ಅಡುಗೆ ಮನೆಯಲ್ಲಿ ಅವಳು ಬೇಕು, ಆರತಿ ತಟ್ಟೆ ಹಿಡಿಯೋಕೆ ಬೇಡ.

ನಾನು ದೇವರು, ಶಾಸ್ತ್ರ ಎಲ್ಲದರ ಮೇಲೂ ಸಿಟ್ಟು ಮಾಡಿಕೊಂಡಿದ್ದು ಪುಸ್ತಕ ಓದಿ ಅಲ್ಲ. ಆ ಹಿಂದಿನ ಕೋಣೆ ನೋಡಿ. ಸಿಟ್ಟಿಗೆ ಭಾಷೆ ಸಿಕ್ಕಿದ್ದು ಮಾತ್ರ ಬೆಂಗಳೂರಿಗೆ ಬಂದ ಮೇಲೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಭಾಷಣಗಳಿಗೆ ಗೆಳೆಯನೊಬ್ಬ ಎಳೆದುಕೊಂಡು ಹೋಗುತ್ತಿದ್ದ. ಎಲ್ಲರೂ ಎಚ್ಚೆನ್ ಅನ್ನುತ್ತಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ್ದು ಅದು. ನಾನು ನೋಡುವಾಗ ಅವರಿಗೆ ಎಪ್ಪತ್ತು ದಾಟಿತ್ತು. ಖಾದಿ ಪಂಚೆ, ಜುಬ್ಬ, ತಲೆ ಮೇಲೆ ಗಾಂಧಿ ಟೋಪಿ. ಅಮೆರಿಕಕ್ಕೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ತಂದ ಮನುಷ್ಯ, ಕಾಲೇಜು ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಬದುಕು ಕಳೆದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎನ್ನುವುದನ್ನು ಅವರು ಬೇರೆ ಬೇರೆ ಥರ ಹೇಳುತ್ತಲೇ ಇದ್ದರು. ನನಗೆ ಅದು ಮಂತ್ರವಾಗಿಬಿಟ್ಟಿತು. (ಪ್ರಶ್ನೆ ಮಾಡದೇ ಒಪ್ಪಿಕೊಂಡೆ ಅನ್ನಬಹುದು.)

ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದ್ದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ, ನಮ್ಮ ಮುಂದೆ ಪವಾಡ ಮಾಡಿ ತೋರಿಸಿ ಎಂದು ಪತ್ರ ಬರೆದರು. ಉತ್ತರ ಬರಲಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅದೇ ಸಮಿತಿಯ ಇನ್ನೊಂದು ಕತೆ. ಅದು ನಮ್ಮ ಪಾಂಡವಪುರದ್ದು. ಅಲ್ಲೊಬ್ಬ ಚಿಕ್ಕ ಹುಡುಗ ಕೈಯಿಂದ ವಿಭೂತಿ ಬರಿಸುತ್ತಾನೆ ಅಂತ ಜನ ಸಾಲುಗಟ್ಟಿ ಹೋಗುತ್ತಿದ್ದರು. ಸಮಿತಿಯವರು ಹೋಗಿ ನೋಡಿದಾಗ ವಿಭೂತಿ ಹುಡುಗನ ಬಟ್ಟೆಯೊಳಗೆ ಬಚ್ಚಿಟ್ಟಿದ್ದು ಸಿಕ್ಕಿತು.

ರಜಕ್ಕೆ ಊರಿಗೆ ಹೋದವನೇ ಇದನ್ನು ಅಪ್ಪನಿಗೆ ವೀರಾವೇಶದಿಂದ ಹೇಳಿದೆ. ಅಪ್ಪ ಬೀಡಿ ಹಚ್ಚಿಕೊಂಡು ಕೇಳಿದ. "ಗೊತ್ತು. ನಾನೂ ಹೋಗಿದ್ದೆ ನೋಡೋಕೆ. ಸಿಕ್ಕಾಕ್ಕಂಡ್ ಮೇಲೆ ಆ ಮಗೀಗೆ ಹೊಡೆದ್ರೇನೋ ಅಂತ ಯೋಚ್ನೆ ಆಗಿತ್ತು ನಂಗೆ." ಅಷ್ಟೇ ಅಂದ. ಅವನು ನಂಬಿದ್ದನೋ ಇಲ್ಲವೋ ಅಂತ ಕೇಳಿದೆ. "ಬಸ್ ಚಾರ್ಜ್ ಕೊಟ್ಟು ಹೋಗಿದ್ದೆ, ನಂಬೋಕೇ ಹೋಗಿದ್ದೆ" ಅಂದ.

ಗದ್ದೆಗೆ ವಾಪಸ್ ಬರುತ್ತೇನೆ.

ಎಲ್ಲರೂ ನೆಲ ನೋಡುತ್ತಿದ್ದೆವು. ಅಪ್ಪ ಹೋದ ಮೇಲೆ ಜಮೀನು ನನಗೂ ತಮ್ಮನಿಗೂ ಭಾಗವಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅತ್ತೆ ಯಾರ ಭಾಗಕ್ಕೆ ಅಂತ ಮೂರು ದಿನದಿಂದ ಯಾರೂ ಬಾಯಿ ಬಿಟ್ಟಿರಲಿಲ್ಲ. ಅವಳು ಬದುವಿನ ಮೇಲೆ, ಹೆಂಗಸರ ಹಿಂದೆ ನಿಂತಿದ್ದಳು. ನಾನು ಎಲೆ ಹತ್ತಿರ ಹೋದೆ. ಹೋಗಿ, ನ್ಯಾಷನಲ್ ಕಾಲೇಜಿನಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಗಿತ್ತೋ, ಮಣ್ಣಿನ ಗುಡ್ಡೆಯ ಜೊತೆ ಮಾತಾಡಿದೆ. "ಅಪ್ಪ, ಅತ್ತೇನ ನಾನು ನೋಡ್ಕತೀನಿ. ನೀನು ಯೋಚ್ನೆ ಮಾಡಬೇಡ."

ಅತ್ತೆ ಜೋರಾಗಿ ಅತ್ತಳು. ಹೆಂಗಸರು ಅವಳನ್ನು ನೆರಳಿಗೆ ಕರೆದುಕೊಂಡು ಹೋದರು. ಉಳಿದವರೂ ಅತ್ತ ಕಡೆ ಹೋದರು. ಒಂದು ಕಾಗೆ ಇಳಿಯಿತು. ಅಡ್ಡಡ್ಡ ಕುಪ್ಪಳಿಸಿಕೊಂಡು ಬಂದು ಒಂದು ವಡೆ ಕಚ್ಚಿಕೊಂಡು ಹಾರಿತು. ಮುದ್ದೆ ಕಡೆ ನೋಡಲೂ ಇಲ್ಲ. ಅಪ್ಪನಾಗಿದ್ದರೆ ಮುದ್ದೆ ಬಿಟ್ಟು ವಡೆಗೆ ಬಾಯಿ ಹಾಕುತ್ತಿರಲಿಲ್ಲ.

"ನೋಡಿದ್ರಾ?" ಅಂದರು ದೊಡ್ಡಪ್ಪ.

ನೋಡಿದೆ. ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಮದ್ದೂರು ಬರುವಷ್ಟರಲ್ಲಿ ಉತ್ತರ ಸಿಕ್ಕಿತು. ಕಾಗೆಗೆ ಅನುಮಾನ ಜಾಸ್ತಿ. ಜನ ಹತ್ತಿರ ಇದ್ದರೆ ಇಳಿಯಲ್ಲ. ಅದಕ್ಕಿಂತ ಮುಂಚೆ ಒಬ್ಬರಾದ ಮೇಲೆ ಒಬ್ಬರು ಎಲೆ ಹತ್ತಿರ ಹೋಗಿ ಕೂಗುತ್ತಿದ್ದೆವು, ಮಗು ಓಡಾಡುತ್ತಿತ್ತು. ಅತ್ತೆಯ ಹೆಸರು ಬಂದ ಕೂಡಲೇ ತಮ್ಮನ್ನು ಎಲ್ಲಿ ಕೇಳುತ್ತಾರೋ ಅಂತ ಎಲ್ಲರೂ ಹಿಂದೆ ಸರಿದರು. ಆಮೇಲೆ ಅವಳ ಅಳು ನೋಡಿ ಅತ್ತ ಕಡೆ ಹೋದರು. ಎಲೆಯ ಸುತ್ತ ಇಪ್ಪತ್ತು ಹೆಜ್ಜೆ ಖಾಲಿಯಾಯಿತು. ಕಾಗೆ ಬಂತು. ಅಷ್ಟೇ ತಾನೇ?

ಇದು ಪರೀಕ್ಷೆಯೇ ಅಲ್ಲ ಅಂತಲೂ ಅನ್ನಿಸಿತು. ಪರೀಕ್ಷೆ ಅಂದಮೇಲೆ ಫೇಲ್ ಆಗುವ ಸಾಧ್ಯತೆ ಇರಬೇಕು. ಇಲ್ಲಿ ಕಾಗೆ ಬಂದರೆ ತೃಪ್ತಿ. ಬರದಿದ್ದರೆ ಇನ್ನೊಂದು ಮಾತು ಕೊಡಿ. ಆಗಲೂ ಬರದಿದ್ದರೆ ಹಸುವಿಗೆ ಕೊಡಿ, ಇಲ್ಲವೇ ನೀರಿಗೆ ಬಿಡಿ. ಸತ್ತವರು ಇಲ್ಲವೇ ಇಲ್ಲ ಎನ್ನುವ ಉತ್ತರ ಮಾತ್ರ ಯಾವ ದಾರಿಯಲ್ಲೂ ಬರಲ್ಲ.

ಇದನ್ನೆಲ್ಲ ಮೊದಲು ಕೇಳಿದವನು ನಾನಲ್ಲ. ಪರಲೋಕವನ್ನು ಒಪ್ಪದ ಹಳೇ ಕಾಲದ ಚಾರ್ವಾಕರು ಎಂದೋ ಕೇಳಿ ಮುಗಿಸಿದ್ದರು. ಸತ್ತವರಿಗೆ ಇಲ್ಲಿಂದ ಬಡಿಸಿದ ಊಟ ಮುಟ್ಟುವುದಾದರೆ, ಪ್ರಯಾಣ ಹೋದವನಿಗೆ ಬುತ್ತಿ ಯಾಕೆ ಕಟ್ಟಬೇಕು? ಮನೆಯಲ್ಲೇ ಬಡಿಸಿದರೆ ಸಾಲದೇ? ಮಹಡಿ ಮೇಲೆ ಇರುವವನಿಗೆ ಕೆಳಗೆ ಎಲೆ ಹಾಕಿದರೆ ಹೊಟ್ಟೆ ತುಂಬುತ್ತದೆಯೇ? ಹೋದವನು ನಿಜವಾಗಿ ಇನ್ನೊಂದು ಲೋಕಕ್ಕೆ ಹೋಗಿದ್ದರೆ, ಮನೆಯವರ ಮೇಲಿನ ಪ್ರೀತಿಗಾದರೂ ಒಂದು ಸಲ ಯಾಕೆ ತಿರುಗಿ ಬರುವುದಿಲ್ಲ? ತಮಾಷೆ ಅಂದರೆ ಚಾರ್ವಾಕರು ಬರೆದ ಪುಸ್ತಕ ಒಂದೂ ನಮಗೆ ಪೂರ್ತಿಯಾಗಿ ಉಳಿದಿಲ್ಲ. ಈ ಮಾತುಗಳು ಸಿಗುವುದು 14ನೇ ಶತಮಾನದ ಮಾಧವ ಎನ್ನುವ ವೇದಾಂತಿ ಬರೆದ ಸರ್ವದರ್ಶನಸಂಗ್ರಹದಲ್ಲಿ. ಚಾರ್ವಾಕರನ್ನು ಒಪ್ಪದ ಮನುಷ್ಯ ತನ್ನ ಪುಸ್ತಕದ ಮೊದಲನೇ ಅಧ್ಯಾಯವನ್ನೇ ಅವರಿಗೆ ಕೊಟ್ಟ. ಎದುರಾಳಿಯ ಜೋಕುಗಳನ್ನೂ ಬಿಡದೆ ಬರೆದಿಟ್ಟ. ಇವತ್ತು ಎರಡೂ ಕಡೆಯವರು ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಬೈಯುವುದನ್ನು ನೋಡುವಾಗ ಈ ಮಾಧವ ನೆನಪಾಗುತ್ತಾನೆ.

ಅಂತೂ ಕಾಗೆಯ ಲೆಕ್ಕ ಬಗೆಹರಿಯಿತು. ಬಗೆಹರಿಯದೇ ಉಳಿದದ್ದು ನನ್ನ ಮಾತು.

ಅಪ್ಪ ಅಲ್ಲಿ ಇರಲಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಗುಡ್ಡೆಯಲ್ಲಿ ಇದ್ದದ್ದು ದೇಹ, ಮರದ ಮೇಲೆ ಇದ್ದದ್ದು ಕಾಗೆ. ಹಾಗಾದರೆ ನಾನು ಮಾತು ಕೊಟ್ಟಿದ್ದು ಯಾರಿಗೆ? ಇಲ್ಲದ ಮನುಷ್ಯನಿಗೆ ಕೊಟ್ಟ ಮಾತು ತಪ್ಪಿದರೆ ಮೋಸ ಆಗುವುದು ಯಾರಿಗೆ?

ಊರಿನವರಿಗೆ ಅನ್ನಬಹುದು. ಅವತ್ತು ಅಲ್ಲಿ ನಲವತ್ತು ಜನ ಇದ್ದರು. ಅದರಲ್ಲಿ ಎಷ್ಟೋ ಜನ ಈಗ ಇಲ್ಲ, ಇರುವವರಿಗೆ ನೆನಪಿಲ್ಲ. ದೊಡ್ಡಪ್ಪನೂ ಹೋದರು. ನನ್ನನ್ನು ಬಂದು ಕೇಳುವವರು ಯಾರೂ ಇಲ್ಲ. ಅತ್ತೆಗೇ ಕೊಟ್ಟ ಮಾತು ಅನ್ನಬಹುದು. ಹಾಗಾದರೆ ತಿರುಗಿ ನಿಂತು ಅವಳಿಗೇ ಯಾಕೆ ಹೇಳಲಿಲ್ಲ? ಇದನ್ನು ತುಂಬ ದಿನ ಯೋಚಿಸಿದ್ದೇನೆ. ಅವಳ ಮುಖ ನೋಡಿ "ನಿನ್ನನ್ನು ನಾನು ಸಾಕ್ತೀನಿ" ಅಂತ ಹೇಳೋಕೆ ಆಗುತ್ತಿರಲಿಲ್ಲ. ಹೇಳಿದ್ದರೆ ಅದು ಭಿಕ್ಷೆ ಹಾಕಿದ ಹಾಗೆ ಕೇಳಿಸುತ್ತಿತ್ತು. ಅವಳೂ "ಬ್ಯಾಡ ಮಗ, ನಂದೇನು, ಎಲ್ಲೋ ಇರ್ತೀನಿ" ಅಂದುಬಿಡುತ್ತಿದ್ದಳು. ಸತ್ತ ಅಣ್ಣನಿಗೆ ಕೊಟ್ಟ ಮಾತನ್ನು ಅವಳು ಬೇಡ ಅನ್ನುವ ಹಾಗಿರಲಿಲ್ಲ. ಅವಳ ಮಾನವೂ ಉಳಿಯಿತು. ಬದುಕಿರುವವರ ಮುಖ ನೋಡಿ ಹೇಳಲಾಗದ ಮಾತನ್ನು ಆಡೋಕೆ ಒಂದು ಜಾಗ ಬೇಕಿತ್ತು. ಬಾಳೆ ಎಲೆಯ ಮುಂದಿನ ಆ ಎರಡು ಅಡಿ ನೆಲ ನನಗೆ ಆ ಜಾಗವಾಯಿತು.

ಇದನ್ನು ಒಬ್ಬ ಗೆಳೆಯನಿಗೆ ಹೇಳಿದೆ. ಭಕ್ತ, ಒಳ್ಳೆಯವನು. "ಹಾಗಾದ್ರೆ ನಿನ್ನೊಳಗೂ ನಂಬಿಕೆ ಇದೆ ಬಿಡು" ಅಂತ ಖುಷಿಪಟ್ಟ. ನನಗೆ ರೇಗಿತು. ಅಷ್ಟು ಸುಲಭವಾಗಿ ಗೆಲ್ಲೋಕೆ ಬಿಡಲ್ಲ. ಪಂಚಾಂಗ ತಿರುವಿದವನಿಗೂ ನಂಬಿಕೆ ಇತ್ತು. ಅವಳನ್ನು ಕಳಿಸಿದ ಮನೆಯವರು ಕೆಟ್ಟವರೇನೂ ಆಗಿರಲಿಲ್ಲ, ಬರೀ ನಂಬಿದ್ದರು. ಅವಳ ನಲವತ್ತು ವರ್ಷ ನುಂಗಿದ್ದು ಅದೇ ನಂಬಿಕೆ. ಕೊನೆಗೆ ಒಂದು ಕಾಗೆ ಕಳಿಸಿ ಸರಿ ಮಾಡಿದೆ ಅಂದರೆ ಲೆಕ್ಕ ಚುಕ್ತಾ ಆಗಲ್ಲ.

ಹಾಗಂತ ನನ್ನ ಕಡೆಯ ಲೆಕ್ಕವೂ ನೆಟ್ಟಗಿಲ್ಲ. ಮೂಢನಂಬಿಕೆ ವಿರುದ್ಧ ಕಾಲೇಜಿನಲ್ಲಿ ನಾನು ಎಷ್ಟು ಭಾಷಣ ಹೊಡೆದಿಲ್ಲ! ಅಷ್ಟು ವರ್ಷದಲ್ಲಿ ಅತ್ತೆಯನ್ನು ಒಂದು ಸಲವಾದರೂ ಕೂರಿಸಿ, ನಿನಗೆ ಏನು ಬೇಕು ಅಂತ ಕೇಳಿದವನಲ್ಲ. ಅವಳು ನನಗೆ ಒಳ್ಳೆಯ ಉದಾಹರಣೆಯಾಗಿದ್ದಳು. ನನ್ನ ತಮ್ಮ ಪ್ರತಿ ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗುವವನು. ಅವತ್ತು ಅವನು ಬಾಯಿ ಬಿಡಲಿಲ್ಲ ನಿಜ. ಅದನ್ನು ಹಿಡಿದು ನಂಬುವವರನ್ನು ಹಂಗಿಸೋಕೆ ನನಗೆ ಮನಸ್ಸಿಲ್ಲ. ಅವನ ಹೆಂಡತಿಗೆ ಆಗ ಹುಷಾರಿರಲಿಲ್ಲ, ಎರಡು ಕೋಣೆಯ ಮನೆ. ಈಗಲೂ ಅತ್ತೆಗೆ ವರ್ಷಕ್ಕೆ ಎರಡು ಮೂಟೆ ರಾಗಿ ಅವನ ಗದ್ದೆಯಿಂದಲೇ ಬರುತ್ತದೆ.

ಅತ್ತೆ ನನ್ನ ಜೊತೆ ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ ಎದ್ದರೆ ಟೆರೇಸಿಗೆ ಹೋಗಿ ಕಾಗೆಗೆ ಅನ್ನ ಇಡುತ್ತಾಳೆ. ಅಣ್ಣ ಬರ್ತಾನೆ ಅಂತ ಅಲ್ಲ, ಹಸಿದಿರ್ತವೆ ಅಂತ. ಅವಳು ಮೆಟ್ಟಿಲು ಹತ್ತುವ ಹೊತ್ತಿಗೇ ಬಂದು ಕೂತಿರುತ್ತವೆ. ನಾನು ಹೋದರೆ ಹಾರಿಹೋಗುತ್ತವೆ. ಅಮೆರಿಕದಲ್ಲಿ ಜಾನ್ ಮಾರ್ಜ್ಲಫ್ ಎನ್ನುವ ವಿಜ್ಞಾನಿ ಮುಖವಾಡ ಹಾಕಿಕೊಂಡು ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳಾದರೂ ಆ ಮುಖವಾಡ ಕಂಡರೆ ಅವು ಕೂಗಾಡುತ್ತಿದ್ದವಂತೆ. ಕಾಗೆ ಮನುಷ್ಯರ ಮುಖ ಮರೆಯಲ್ಲ. ಇದನ್ನು ಅತ್ತೆಗೆ ದೊಡ್ಡ ಸುದ್ದಿಯ ಹಾಗೆ ಹೇಳಿದೆ. "ಅದನ್ನ ಕಂಡ್ಹಿಡಿಯಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಅಂದಳು.

ನಮ್ಮಿಬ್ಬರಿಗೂ ಜಗಳ ಇಲ್ಲದ ದಿನ ಕಡಿಮೆ. ಶುಕ್ರವಾರ ಉಗುರು ಕತ್ತರಿಸಬೇಡ ಅನ್ನುತ್ತಾಳೆ, ನಾನು ಬೇಕಂತಲೇ ಕತ್ತರಿಸುತ್ತೇನೆ. ಒಂದು ದಿನ ಸೊಪ್ಪು ಬಿಡಿಸುತ್ತಾ ಕೇಳಿದಳು. "ದ್ಯಾವ್ರಿಲ್ಲ ಅಂತೀಯ. ಸತ್ತೋರು ಇಲ್ಲ ಅಂತೀಯ. ಮತ್ಯಾಕೆ ನನ್ನ ಇಟ್ಕಂಡಿದ್ದೀಯ?"

ಇಂಥ ಪ್ರಶ್ನೆಯನ್ನು ಸೈನ್ಸ್ ಫೋರಂನಲ್ಲಿ ಯಾರೂ ಕೇಳಿರಲಿಲ್ಲ. "ಮಾತು ಕೊಟ್ಟಿದ್ದೀನಲ್ಲ" ಅಂದೆ. "ಯಾರಿಗೆ?" ಅಂದಳು. ನಾನು ಸುಮ್ನೆ ಸೊಪ್ಪಿನ ಕಡ್ಡಿ ಮುರಿದೆ.

ನಾನೂ ಬಿಡಲಿಲ್ಲ. ಇನ್ನೊಂದು ಸಲ ಅವಳನ್ನು ಕೇಳಿದೆ. ಗಂಡ ವಾಪಸ್ ಬರಲಿ ಅಂತ ಮಾರಮ್ಮನಿಗೆ ಎಷ್ಟೋ ವರ್ಷ ಹರಕೆ ಹೊತ್ತಿದ್ದೆಯಲ್ಲ, ಅವಳು ಏನು ಕೊಟ್ಟಳು? "ಕೊಡ್ಲಿಲ್ಲ" ಅಂದಳು. ಮತ್ತೆ ಯಾಕೆ ಕೈ ಮುಗೀತೀಯ? "ಕೊಡ್ಲಿಲ್ಲ ಅಂತ ನೆಂಟಸ್ತನ ಬಿಡಕ್ಕಾಯ್ತದಾ? ನಿಮ್ಮಪ್ಪ ನಂಗೆ ಎಷ್ಟು ಸಲ ಬೈದವ್ನೆ, ಅಣ್ಣ ಅಲ್ಲ ಅಂದ್ನಾ ನಾನು?" ನನ್ನ ತರ್ಕವೆಲ್ಲ ದೇವರು ಇದ್ದಾನೋ ಇಲ್ಲವೋ ಎನ್ನುವುದರ ಮೇಲೆ ನಿಂತಿತ್ತು. ಅವಳದು ಆ ಪ್ರಶ್ನೆಯೇ ಅಲ್ಲ. ಅವಳಿಗೆ ಮಾರಮ್ಮ ಒಬ್ಬ ನೆಂಟಳು. ಸ್ವಲ್ಪ ಜಿಪುಣಿ.

ಸತ್ತ ಮೇಲೆ ಎಲ್ಲಿಗೆ ಹೋಗ್ತೀವಿ ಅಂತಲೂ ಕೇಳಿದ್ದೇನೆ. ವೈಕುಂಠ, ಕೈಲಾಸ ಅನ್ನುತ್ತಾಳೆ ಅಂದುಕೊಂಡಿದ್ದೆ. "ನಂಗೇನ್ ಗೊತ್ತು? ಹೋದೋರು ಯಾರಾದ್ರೂ ಬಂದು ಹೇಳವ್ರಾ?" ಅಂದಳು. ಚಾರ್ವಾಕರ ಮಾತು, ಹೆಚ್ಚುಕಡಿಮೆ ಅಕ್ಷರ ಅಕ್ಷರ. ಅವಳು ಓದಿದ್ದು ಎರಡನೇ ಕ್ಲಾಸು.

ಕಠೋಪನಿಷತ್ತಿನ ನಚಿಕೇತ ಯಮನ ಹತ್ತಿರ ಕೇಳುವುದೂ ಇದನ್ನೇ. ಸತ್ತ ಮೇಲೆ ಇರುತ್ತಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ನಿಜ? ಯಮ ತಪ್ಪಿಸಿಕೊಳ್ಳೋಕೆ ನೋಡುತ್ತಾನೆ. ದೇವತೆಗಳಿಗೇ ಇದರಲ್ಲಿ ಅನುಮಾನವಿತ್ತು, ಬೇರೆ ಏನಾದರೂ ಕೇಳು, ಆನೆ ಕೇಳು, ಕುದುರೆ ಕೇಳು, ಚಿನ್ನ ಕೇಳು ಅನ್ನುತ್ತಾನೆ. ಆ ಹುಡುಗ ಬಿಡುವುದಿಲ್ಲ. ಚಿಕ್ಕಂದಿನಿಂದ ಕೇಳಿದ ಕತೆ. ಹಟಮಾರಿ ಹುಡುಗ ಅಂತ ನನಗೆ ಅವನ ಮೇಲೆ ಪ್ರೀತಿ. ಆದರೆ ಅದು ಅವನ ಮೂರನೇ ವರ ಎನ್ನುವುದನ್ನು ನಾನು ಸರಿಯಾಗಿ ಗಮನಿಸಿರಲಿಲ್ಲ. ಎರಡನೆಯದು ಸ್ವರ್ಗಕ್ಕೆ ದಾರಿಯಾದ ಅಗ್ನಿಯ ವಿಷಯ. ಮೊದಲನೇ ವರ ಏನು ಗೊತ್ತಾ? ನನ್ನ ಅಪ್ಪನ ಮನಸ್ಸು ಶಾಂತವಾಗಲಿ, ಸಿಟ್ಟು ಇಳಿಯಲಿ, ನಾನು ವಾಪಸ್ ಹೋದಾಗ ಗುರುತು ಹಿಡಿದು ಮಾತಾಡಿಸಲಿ.

ಇದು ಕಣ್ಣಿಗೆ ಬಿದ್ದಾಗ ನನಗೆ ಕಬ್ಬು ಕಡಿದ ಗದ್ದೆಯೇ ನೆನಪಾಯಿತು. ನಚಿಕೇತನ ಅಪ್ಪ ಬದುಕಿದ್ದ, ಹುಡುಗನೇ ಯಮನ ಮನೆಗೆ ಹೋಗಿದ್ದ. ನಮ್ಮದು ತಿರುವುಮುರುವು. ಆದರೂ ಸಾವಿನ ಬಾಗಿಲಲ್ಲಿ ನಿಂತು ಮೊದಲು ಬಾಯಿಗೆ ಬಂದದ್ದು ಇಬ್ಬರಿಗೂ ಒಂದೇ. ಅಪ್ಪ, ಯೋಚನೆ ಮಾಡಬೇಡ. ಮೂರನೇ ಪ್ರಶ್ನೆಗೆ ಯಮ ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗಿಲ್ಲ. ಸಾಯದ, ಹುಟ್ಟದ ಆತ್ಮ ಅಂದರೆ ನನಗೆ ಏನೂ ಕಾಣಿಸುವುದಿಲ್ಲ. ಮೊದಲನೇ ವರಕ್ಕೆ ಮಾತ್ರ ತಕರಾರಿಲ್ಲ.

ಹೋದ ವರ್ಷ ಪಕ್ಷದ ಹಬ್ಬಕ್ಕೆ ಊರಿಗೆ ಹೋಗಿದ್ದೆವು. ಮಹಾಲಯ ಅಮಾವಾಸ್ಯೆ. ಎಡೆ ಇಟ್ಟು ಹೊರಗೆ ಬಂದು ಜಗಲಿ ಮೇಲೆ ಕೂತಾಗ ಅತ್ತೆ ಇದ್ದಕ್ಕಿದ್ದ ಹಾಗೆ ಶುರು ಮಾಡಿದಳು. ತನಗೆ ಹಾಲು ತುಪ್ಪ ಬಿಡುವಾಗ ವಡೆ ಇಡಬೇಕಂತೆ, ಎಣ್ಣೆ ಜಾಸ್ತಿ ಕುಡಿಸಬಾರದಂತೆ. ಕಾಫಿ ಬೇಡ, ಟೀ ಇಡಬೇಕು. ಬಿಸಿಲಲ್ಲಿ ಜನರನ್ನು ಕಾಯಿಸಬಾರದು.

"ಕಾಗೆ ಬರದಿದ್ರೆ?" ಅಂದೆ. ಕೆಣಕೋಕೆ.

"ಬರ್ದೆ ಏನು? ನಂದೇನೂ ಬಾಕಿ ಇಲ್ಲ ಕಣ್ ಮಗ."

"ಆದ್ರೂ ಬರದಿದ್ರೆ?"

ಅತ್ತೆ ಎಲೆ ಅಡಿಕೆ ಉಗಿದು ಬಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ನೀನೇ ಹೇಳಿದ್ದೆಯಲ್ಲ. ಎಲ್ಲಾರೂ ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗ್ರಿ."